ರತೀಬಿನ ರಾಮವ್ವ

"ಅವ್ವಾ, ರಾಮವ್ವ ಆಯಿಗೆ ಸೂಟಿ ಯಾವತ್ತ?"

ಇವತ್ತು ಭಾನುವಾರ. ಹೊರಗೆ "ಹಾಲ್ರೀ" ಎಂಬ ಕೂಗು ಕೇಳಿ ಎಚ್ಚರವಾದ ಮಗಳು ಸಮೃದ್ಧಿ ಹಾಸಿಗೆಯಲ್ಲೇ ಕೂತು ಕೇಳಿದಳು. ತನ್ನ ಸಾಲಿಗೆ ರಜೆ ಇರುವಾಗ ಹಾಲಿನವಳಿಗೆ ಯಾಕಿಲ್ಲ ಎಂಬುದು ಅವಳ ತಕರಾರು.

"ಆಕೀಗೆ ಸೂಟಿ ಇರಂಗಿಲ್ಲ ಕೂಸ. ಆಕೀದು ರತೀಬು."

"ರತೀಬಂದ್ರ?"

"ದಿನಾ ತಪ್ಪದಂಗ ಹಾಲು ಹಾಕೂದು."

"ದಿನಾ ಬರೂದೆಲ್ಲಾ ರತೀಬೇನ? ನಮ್ಮ ಸಾಲಿ ವ್ಯಾನೂ?"

ಅಡುಗೆಮನೆಯಿಂದ ನಮ್ಮ ಅತ್ತೆ ಗೌರಾಬಾಯಿ ಹೇಳಿದರು: "ಆ ವ್ಯಾನು ನೀ ಬಂದ್ರೇನು, ಬಿಟ್ರೇನು, ಹಾರ್ನ್ ಹೊಡದು ಮುಂದ ಹೋಗ್ತೈತಿ. ರತೀಬಿಗೆ ಹಾಕಾಕಿ ಒಬ್ಬಾಕಿ ಬೇಕು, ಹಾಕಿಸ್ಕೊಳ್ಳಾಕಿ ಒಬ್ಬಾಕಿ ಬೇಕು."

ಅತ್ತೆ ಹೇಳಿದ್ದು ಸರಿ. ಪೇಪರು ದಿನಾ ಬರುತ್ತದೆ, ಅದನ್ನು ಯಾರೂ ರತೀಬು ಅನ್ನುವುದಿಲ್ಲ. ನಮ್ಮೂರು ಹಾರೂಗೇರಿಗೆ ಹೊಸದಾಗಿ ಬಂದವರು ಮೊದಲು ಹಾಲಿನ ರತೀಬು ಹಚ್ಚುತ್ತಾರೆ, ಊರು ಬಿಡುವವರು ಬಿಡಿಸುತ್ತಾರೆ. ತಮಾಷೆಗೂ ಈ ಮಾತು ಬರುತ್ತದೆ. ರಾಮವ್ವನಿಂದಲೇ ಹಾಲು ಹಾಕಿಸಿಕೊಳ್ಳುವ ಎದುರುಮನೆ ಉಜ್ವಲಾ ದಿನಾ ಸಂಜೆ ಬಟ್ಟಲು ಹಿಡಿದು ಮೊಸರಿನ ಹೆಪ್ಪಿಗೆ ಬರುತ್ತಾಳೆ. "ಏನಬೇ, ಹೆಪ್ಪಿನ ರತೀಬ ಹಚ್ಚೀದಿ?" ಎಂದು ಅತ್ತೆ ಕೆಣಕಿದರೆ, "ಹೂಂನ್ರಿ ಕಾಕೂ, ಬಿಡಸಬ್ಯಾಡ್ರಿ ಮತ್ತ" ಎಂದು ನಗುತ್ತಾಳೆ.

ಈ ಓಣಿಗೆ ಒಂದು ಪದ್ಧತಿಯಿದೆ. ಬೆಳಿಗ್ಗೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಬೋಗುಣಿ ಇಟ್ಟಿದ್ದರೆ ಆ ಮನೆಗೆ ರತೀಬು ಇದೆ ಎಂದು ಅರ್ಥ. ಮೋಟಾರ್‌ಸೈಕಲ್ಲಿನಲ್ಲಿ ಪಾಕೀಟು ಹಾಲು ಮಾರುವ ಉತ್ತಮ, ಬೋಗುಣಿ ಇರುವ ಮನೆಯ ಮುಂದೆ ಗಾಡಿ ನಿಲ್ಲಿಸುವುದಿಲ್ಲ. ಬೋಗುಣಿ ಕಾಣದಿದ್ದರೆ ಮಾತ್ರ ನಿಂತು, "ಪಾಕೀಟ ಹಚ್ಚಲೇನ್ರಿ?" ಎಂದು ಕೇಳುತ್ತಾನೆ.

ರಾಮವ್ವನ ಮನೆ ಮುಗಳಖೋಡದ ಹಾದಿಯಲ್ಲಿ, ಊರ ಹೊರಗೆ. ಗಂಡ ಮಲಕಾರಿ ಕುರಿ ಕಾಯುತ್ತಾನೆ, ಇವಳು ಎಮ್ಮೆ ನೋಡುತ್ತಾಳೆ. ನಾನು ಸೊಸೆಯಾಗಿ ಬರುವ ಮೊದಲೇ ಈ ಮನೆಗೆ ಅವಳ ಹಾಲು. ಎಮ್ಮೆ ಈದರೆ ಗಿಣ್ಣ ಮೊದಲು ರತೀಬಿನ ಮನೆಗಳಿಗೆ, ಆಮೇಲೆ ಅವಳ ಮನೆಯವರಿಗೆ. ಸಮೃದ್ಧಿಯನ್ನು ತವರಿನಿಂದ ಮೊದಲ ಸಲ ಕರೆತಂದಾಗ, ಅಳತೆಯ ಮಾಪಿನಿಂದ ಇನ್ನಷ್ಟು ಹಾಲು ಸುರಿದು "ಇದು ಕೂಸಿಂದು" ಎಂದಿದ್ದಳು. ಆ 'ಕೂಸಿಂದು' ಇವತ್ತಿಗೂ ನಿಂತಿಲ್ಲ.

ನಾನು ಹೊರಗೆ ಬಂದಾಗ ಅವಳು ಬೋಗುಣಿಯ ಅಂಚನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದಳು. ಆದರೂ ಹಾಲು ಅರ್ಧ ಕಟ್ಟೆಯ ಮೇಲೆ ಬಿತ್ತು. ಈಚೆಗೆ ದಿನಾ ಹೀಗೇ. ಕಟ್ಟೆಗೆ ಇರುವೆ ಮುತ್ತುತ್ತವೆ ಎಂದು ಅತ್ತೆ ಗೊಣಗುತ್ತಾರೆ.

"ಆಯಿ, ಕಣ್ಣಿಂದ ಏನ್ ಮಾಡಿದಿ?" ಎಂದೆ.

"ಪೊರಿ ಬಂದೈತಂತ್ರಿ. ಮಿರಜದಾಗ ಡಾಕ್ಟರ ಆಪರೇಶನ್ ಮಾಡ್ತೇನಿ ಅಂದಾನ. ಮಾಡಿದ ಮ್ಯಾಲ ಬಗ್ಗಬಾರದಂತ, ಧೂಳಿನಾಗ ಹೋಗಬಾರದಂತ. ಒಂದ ತಿಂಗಳ ದನದ ಕೊಟ್ಟಿಗಿ ಕಡೆ ಸುಳೀಬಾರದಂತ."

"ಮತ್ತ ಹೋಗು. ಪೂರಾ ಕಾಣದಂಗ ಆದಮ್ಯಾಲ ಹೋಗಾಕಿ ಏನ್?"

"ಹೋಗಿ ಬರೂದ್ರಾಗ ರತೀಬಿನ ಮನಿ ಉಳೀಬೇಕಲ್ರಿ. ಹಾಲು ಹಾಕೂ ರುಕ್ಮವ್ವಂದು ನೋಡಿಲ್ಲೇನು? ಮಗಳ ಬಾಣಂತನಕ್ಕ ಹೋಗಿ ಬಂದ್ಲು, ಅಷ್ಟ್ರಾಗ ಆಕೀ ಮನಿಗೋಳೆಲ್ಲಾ ಪಾಕೀಟಿಗೆ ಹೋಗಿದ್ವು. ಒಂದೂ ತಿರುಗಿ ಬರಲಿಲ್ಲ. ಎಮ್ಮಿ ಮಾರಿದ್ಲು."

"ಮಲಕಾರಿ ಕಾಕಾ ಹಾಲು ಹಿಂಡಿ ತಂದುಕೊಡೂದಿಲ್ಲೇನ?"

ರಾಮವ್ವನಿಗೆ ನಗು ತಡೆಯಲಾಗಲಿಲ್ಲ. "ಆ ಎಮ್ಮಿ ನನ್ನ ಬಿಟ್ಟ ಬ್ಯಾರೆ ಯಾರಿಗೂ ಹಾಲು ಕೊಡಂಗಿಲ್ರಿ. ಮೊನ್ನೆ ನಮ್ಮಾಂವಗ ನನ್ನ ಸೀರಿ ಉಡಿಸಿ, ಸೆರಗ ಹೊಚ್ಚಿ ಕುಂದ್ರಿಸಿದ್ನಿ. ಎಮ್ಮಿ ಹಿಂದ ತಿರುಗಿ ನೋಡ್ತು. ಮೀಸಿ ಕಾಣ್ತೋ ಏನೋ, ಝಾಡಿಸಿ ಒದ್ದು ಬಿಡ್ತು. ಸೀರೀನೂ ಹರೀತು!"

ಅಷ್ಟರಲ್ಲಿ ಸಮೃದ್ಧಿ ಹೊರಗೆ ಬಂದು ತಾನೇ ಕೇಳಿದಳು: "ಆಯಿ, ನಿನಗ ಸೂಟಿ ಯಾವತ್ತ?"

ರಾಮವ್ವ ಸೆರಗಿನಿಂದ ಕಟ್ಟೆ ಒರೆಸಿದಳು. ಒರೆಸಿದಲ್ಲೇ ಇನ್ನೊಮ್ಮೆ ಒರೆಸಿದಳು. ಚೆಲ್ಲಿದ ಹಾಲು ಅದರ ಪಕ್ಕದಲ್ಲೇ ಉಳಿದಿತ್ತು.

"ನಾಳಿಂದ ಕೂಸ," ಎಂದಳು ಕೊನೆಗೆ. "ನಾಳೆ ಮಿರಜಕ್ಕ ಹೋಗ್ತೇನಿ."

"ಎಮ್ಮಿ?" ಎಂದೆ.

"ಕರ ಕುಡೀತೈತಿ, ಹಾಲು ಬತ್ತಂಗಿಲ್ರಿ. ನಮ್ಮಾಂವ ಮೇವು ಹಾಕ್ತಾನ."

ನಾನು ಕಣ್ಣಿಗೆ ಹಾಕುವ ಔಷಧ ತಪ್ಪಿಸಬಾರದು, ಒಲೆಯ ಹೊಗೆಯಲ್ಲಿ ಕೂರಬಾರದು ಎಂದೆಲ್ಲ ಹೇಳತೊಡಗಿದೆ. ಅವಳು ಹೂಂ ಹೂಂ ಅಂದಳು, ಲಕ್ಷ್ಯ ಇದ್ದದ್ದು ಬೇರೆ ಕಡೆ. ಕ್ಯಾನು ಎತ್ತಿ ಸೊಂಟಕ್ಕಿಟ್ಟುಕೊಂಡವಳು ಮತ್ತೆ ಕೆಳಗಿಟ್ಟಳು.

"ಅಕ್ಕಾರ, ಒಂದ ಮಾತ ನಡಿಸಿ ಕೊಡ್ತೀರೇನು?"

"ಹೇಳ ಆಯಿ."

"ಕೂಸಿಗೆ ಹಾಲು ಬೇಕಾಗ್ತೈತಿ, ಅಂಗಡಿಯಿಂದ ತರಸ್ರಿ, ನಾ ಬ್ಯಾಡನ್ನಂಗಿಲ್ಲ. ಮನಿಗೆ ಮಾತ್ರ ಪಾಕೀಟ ಹಚ್ಚಬ್ಯಾಡ್ರಿ. ಉಜ್ವಲಾಗೂ ಒಂದ ಮಾತ ಹೇಳ್ರಿ. ಮುಂಜಾನೆದ್ದು ಬೋಗುಣಿ ತಂದು ಇಲ್ಲಿ ಕಟ್ಟೀ ಮ್ಯಾಲ ಇಡ್ರಿ, ನಾ ಬರೂ ಮಟಾ ದಿನಾ ಇಡ್ರಿ. ಖಾಲೀನ ಇರಲಿ."