ನೀಲಿ ಡ್ರಮ್ಮುಗಳ ಯಜಮಾನರು

ಅವರ ಹುಬ್ಬುಗಳು ಸದಾ ನೀಲಿಯಾಗಿರುತ್ತಿದ್ದವು. ಎಷ್ಟು ತೊಳೆದರೂ ಕಿವಿಯ ಮಡಿಕೆಯಲ್ಲಿ, ಹುಬ್ಬಿನ ಕೂದಲಲ್ಲಿ ಪ್ಲಾಸ್ಟಿಕ್ಕಿನ ಧೂಳು ಉಳಿದೇಬಿಡುತ್ತಿತ್ತು. ಪೀಣ್ಯದಲ್ಲಿ ನನ್ನ ಲೇತ್ ಶೆಡ್ಡಿನ ಪಕ್ಕದ್ದೇ ಅವರ ಶೆಡ್ಡು. ಹಳೆಯ ನೀಲಿ ಡ್ರಮ್ಮುಗಳನ್ನು ಪುಡಿಮಾಡಿ, ತೊಳೆದು ಮಾರುತ್ತಿದ್ದರು. ನಾನು ಅವರನ್ನು ‘ಯಜಮಾನರೇ’ ಎನ್ನುತ್ತಿದ್ದೆ. ಹಾವೇರಿ ಕಡೆಯಿಂದ ಬಂದ ನನಗೆ ಶೆಡ್ಡು ಕೊಡಿಸಿದವರು, ಮಧ್ಯಾಹ್ನ ತಮ್ಮ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದುಕೊಟ್ಟವರು ಅವರು. “ಊರಿನ ಕಸಾನ ನಾವು ನುಂಗ್ತೀವಿ ಕಣ್ರೀ, ಪುಣ್ಯದ ಕೆಲ್ಸ,” ಎನ್ನುತ್ತಿದ್ದರು.

ಪುಡಿ ತೊಳೆದ ನೀರು ಮೋರಿ ಸೇರಿ ಹಳ್ಳಕ್ಕೆ ಹೋಗುತ್ತಿತ್ತು. ಅದೇ ಹಳ್ಳದ ದಡದಲ್ಲಿ, ಕೆಳಗೆ, ಅವರ ಅಕ್ಕನ ಊರು. ಒಂದು ಭಾನುವಾರ ಊಟಕ್ಕೆಂದು ನನ್ನನ್ನೂ ಅಲ್ಲಿಗೆ ಕರೆದೊಯ್ದರು. ಹಳ್ಳದಲ್ಲಿ ಹಿಡಿದ ಮೀನನ್ನು ಅಕ್ಕ ಸೀಳುತ್ತಿದ್ದರು. ಬಡಕಲು ಮೀನು, ಹೊಟ್ಟೆ ಮಾತ್ರ ಗಟ್ಟಿ. ಒಳಗೆ ನೀಲಿ ಚೂರುಗಳು.

“ಈಗೀಗ ಎಲ್ಲಾ ಇಂಗೇ ಕಣೋ. ಕಪ್ಪೆನೂ ವಟಗುಟ್ಟಲ್ಲ,” ಎಂದರು ಅಕ್ಕ.

ಯಜಮಾನರು ಚೂರುಗಳನ್ನು ಅಂಗೈಯಲ್ಲಿ ಉಜ್ಜಿ ನೋಡಿದರು. “ಹೊಟ್ಟೆ ತುಂಬೈತೆ ಅಂದ್ಕೊಂಡೇ ಹಸ್ಕೊಂಡು ಸಾಯ್ತಾವಲ್ರೀ.”

“ಬೇರೆ ಶೆಡ್ಡಿಂದೂ ಇರ್ಬೋದು,” ಎಂದೆ.

“ಇರ್ಬೋದು. ನಂದಿಲ್ಲ ಅಂತೀರಾ?”

ಅವತ್ತು ಅವರು ಊಟಕ್ಕೆ ಕೂರಲಿಲ್ಲ.

ಮರುವಾರವೇ ತೊಟ್ಟಿ ಕಟ್ಟಿಸಿ, ಹಳೆಯ ಸೀರೆಗಳನ್ನು ಅಡ್ಡ ಕಟ್ಟಿ ನೀರು ಸೋಸತೊಡಗಿದರು. ತಳದಲ್ಲಿ ನಿಂತ ನೀಲಿ ಕೆಸರನ್ನು ಮೂಟೆ ಕಟ್ಟಿ ಕಸದ ಲಾರಿಗೆ ಹಾಕಿಸುತ್ತಿದ್ದರು. ಅದು ಎಲ್ಲಿಗೆ ಹೋಗುತ್ತದೆಂಬ ಅನುಮಾನ ಬಂದು, ಒಮ್ಮೆ ನನ್ನ ಸ್ಕೂಟರಿನ ಹಿಂದೆ ಕೂತು ಲಾರಿಯನ್ನು ಹಿಂಬಾಲಿಸಿದರು. ಲಾರಿ ಮೂಟೆಗಳನ್ನೆಲ್ಲ ಸುರಿದದ್ದು ಅದೇ ಹಳ್ಳದ ದಂಡೆಗೆ. ಯಜಮಾನರು ಬೈಯಲಿಲ್ಲ. “ಗಾಡಿ ತಿರುಗ್ಸಿ,” ಎಂದರಷ್ಟೆ.

ಶೆಡ್ಡು ಮುಚ್ಚಿದರು. ಅವರ ಪುಡಿಮಾಡುವ ಯಂತ್ರ ಕೊಂಡವನು ಪಕ್ಕದ ರಸ್ತೆಯಲ್ಲೇ ಅದನ್ನು ಓಡಿಸಿದ, ತೊಟ್ಟಿಯೂ ಇಲ್ಲ, ಸೀರೆಯೂ ಇಲ್ಲ. ನನ್ನ ಬಳಿ ಹರಟಲು ಬಂದಾಗ ಆ ಸದ್ದು ಶುರುವಾದರೆ ಯಜಮಾನರು ಟೀ ಲೋಟ ಅಲ್ಲೇ ಇಟ್ಟು ಎದ್ದುಹೋಗುತ್ತಿದ್ದರು.

ಕಳೆದ ವರ್ಷ ಅವರ ಹೃದಯ ಸೋತಿತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, “ನೀರಿಗೆ ನಾನು ಹಾಕಿದ್ದು ಸಾಕು. ನನ್ ಬೂದೀನ ಮಣ್ಣಿಗೆ ಹಾಕ್ಸಿ,” ಎಂದಿದ್ದರು. ಅವರು ತೀರಿಕೊಂಡ ಮೇಲೆ ನಾನದನ್ನು ಅವರ ಅಣ್ಣನಿಗೆ ಹೇಳಿದೆ. “ನೀರಿಗೆ ಬಿಡ್ದೆ ಮುಕ್ತಿ ಎಂಗೆ ಸಿಗ್ತದೆ?” ಎಂದರು ಅಣ್ಣ. ಮತ್ತೊಮ್ಮೆ ಹೇಳಿದೆ. ಯಾರೂ ಕೇಳಲಿಲ್ಲ. ಬೂದಿಯನ್ನು ಹೊಳೆಗೇ ಬಿಟ್ಟರು.

ನನಗೆ ಅಷ್ಟೆಲ್ಲ ಮಾಡಿದವರು ನನ್ನಿಂದ ಕೇಳಿದ್ದು ಅದೊಂದನ್ನೇ.