ಬಿಸಿಯೂಟದಕ್ಕನ ಹೇಸಿಗೆ

ಬಿಸಿಯೂಟದಕ್ಕನ ಅಂಗೈ ನಡುವೆ ಕಂದು ಬಣ್ಣದ ಒಂದು ಕಲೆ ಇತ್ತು. ಹಳೇಬೀಡಿನ ಹತ್ತಿರದ ಶಾಲೆಯೊಂದರಲ್ಲಿ ನಾವಿಬ್ಬರೂ ಮಕ್ಕಳಿಗೆ ಅಡುಗೆ ಮಾಡುತ್ತಿದ್ದೆವು. ಕುದಿಯುವ ಸಾರನ್ನು ಸೌಟಿನಿಂದ ನೇರ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದಳು. ಅದರಿಂದ ಆದ ಕಲೆ. ಸರಿಯಿದ್ದರೆ ಏನೂ ಹೇಳುತ್ತಿರಲಿಲ್ಲ. ಕೆಟ್ಟಿದ್ದರೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಆ ಪಾತ್ರೆ ಮಕ್ಕಳ ಮುಂದೆ ಹೋಗುತ್ತಿರಲಿಲ್ಲ.

ಒಮ್ಮೆ ನನ್ನ ಕೈಯಲ್ಲಿ ಸಾರು ತಳ ಹಿಡಿಯಿತು. "ಬೆಲ್ಲ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ ಅಕ್ಕ" ಎಂದೆ.

"ನಿಂಗ್ ಗೊತ್ತಾಯ್ತಲ್ಲ, ಸಾಕು" ಎಂದಳು, ಚೆಲ್ಲಿದಳು.

ತಟ್ಟೆಗೆ ಬಿದ್ದದ್ದಕ್ಕೆ ಹೆಣ್ಣುಮಕ್ಕಳು ಮುಖ ಸಿಂಡರಿಸಬಾರದೆಂದು ನನ್ನ ತವರಲ್ಲಿ ಕಲಿಸಿದ್ದರು. ಮೊಮ್ಮಕ್ಕಳೇ, ನಿಮ್ಮ ತಾತ ಹೋದ ಮೇಲಂತೂ ಎಲ್ಲವನ್ನೂ ನುಂಗುವುದೇ ಅಭ್ಯಾಸವಾಗಿತ್ತು.

ಒಂದು ದಸರಾ ರಜೆಯಲ್ಲಿ ಅಕ್ಕ ನನ್ನನ್ನೂ ನಿಮ್ಮಮ್ಮನನ್ನೂ ಅರಸೀಕೆರೆಗೆ ಸಿನಿಮಾಕ್ಕೆ ಕರೆದುಕೊಂಡು ಹೋದಳು. ನಿಮ್ಮಮ್ಮನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ, ಬೇಲೂರಿನ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅದು ನಗಿಸುವ ಸಿನಿಮಾ. ಒಬ್ಬ ಹುಡುಗಿ ಪ್ರೀತಿಸಿದವನಿಗಾಗಿ ಊರೆಲ್ಲ ಸಾಲ ಮಾಡುತ್ತಾಳೆ, ಅವನು ದುಡ್ಡಿನೊಡನೆ ಮಾಯವಾಗುತ್ತಾನೆ. ಸಾಲದವರು ಬಂದಾಗ ಅವಳು ಕೋಳಿಗೂಡಿನೊಳಗೆ ತೂರಿ, ತಲೆತುಂಬ ಪುಕ್ಕ ಮೆತ್ತಿಕೊಂಡು ಅಳುತ್ತಾಳೆ. ಟಾಕೀಸಿನ ತುಂಬ ಶಿಳ್ಳೆ. ನಾನೂ ನಕ್ಕೆ. ಕೊನೆಗೆ ಅವನೇ ಹಾರ ಹಿಡಿದು ಬರುತ್ತಾನೆ, ಅವಳು ಕಣ್ಣೊರೆಸಿಕೊಂಡು ಕೊರಳೊಡ್ಡುತ್ತಾಳೆ. ಅಕ್ಕ ಕತ್ತಲಲ್ಲೇ ಬಾಯಿ ಒರೆಸಿಕೊಂಡಳು.

"ಥೂ, ಕಾಸು ತಿಂದೋನಿಗೇ ಕೊರಳೂ ಕೊಟ್ಲಲ್ಲ" ಎಂದು ಬಸ್‌ಸ್ಟ್ಯಾಂಡಿನವರೆಗೂ ಗೊಣಗಿದಳು. ಅಲ್ಲಿ ನಿಮ್ಮಮ್ಮನ ಕಡೆ ತಿರುಗಿ ಕೇಳಿದಳು: "ನೀನ್ಯಾಕೆ ಒಂದ್ಸಲಾನೂ ನಗ್ಲಿಲ್ಲ ಮಗಾ?"

ನಿಮ್ಮಮ್ಮ ಕಲ್ಲುಬೆಂಚಿನ ಮೇಲೆ ಕುಸಿದು ಅತ್ತಳು. ಅಂಗಡಿಗೆ ಬರುತ್ತಿದ್ದ ಒಬ್ಬ ಮದುವೆಯಾಗುತ್ತೇನೆ ಎಂದಿದ್ದನಂತೆ. ಅವನಿಗಾಗಿ ತನ್ನ ಹೆಸರಲ್ಲಿ ಸಾಲ ಮಾಡಿ ಬೈಕು ತೆಗೆದುಕೊಟ್ಟಿದ್ದಳು. ಈಗ ಅವನು ಫೋನೂ ಎತ್ತುತ್ತಿರಲಿಲ್ಲ.

ಸಾಲದವರು ನಮ್ಮ ಬಾಗಿಲಲ್ಲಿ ಕೂಗಾಡಿದರು, ಸುದ್ದಿ ಊರೆಲ್ಲ ಹರಡಿತು. ಠಾಣೆಗೆ ಹೋಗುತ್ತೇವೆಂದು ಅಕ್ಕ ಹೇಳಿಕಳಿಸಿದ ಮೇಲೆ ಅವನು ತನ್ನ ತಾಯಿಯನ್ನು ಕೂರಿಸಿಕೊಂಡು ಬಂದ, ಅದೇ ಬೈಕಿನಲ್ಲಿ.

ಅಕ್ಕನೂ ನಮ್ಮ ಮನೆಗೆ ಬಂದಿದ್ದಳು. ನಾನು ಕೇಸರಿಬಾತು ಮಾಡಿ ಕೊಟ್ಟೆ. ಆ ತಾಯಿ ತಿನ್ನುತ್ತಲೇ ಹೇಳಿದಳು: "ಕಂತು ನೀವು ಕಟ್ಕೊಳಿ, ಹುಡುಗೀನ ನಾವು ಮಾಡ್ಕೊತೀವಿ. ಹೆಸರು ಕೆಟ್ಟೋಳನ್ನ ಇನ್ಯಾರು ಮಾಡ್ಕೊತಾರೆ?"

ಅವನು ಬೆರಳಿನ ತುಪ್ಪ ನೆಕ್ಕುತ್ತಿದ್ದ. ನಾನು ತಲೆ ತಗ್ಗಿಸಿ ಹೂಂ ಎನ್ನುವುದರಲ್ಲಿದ್ದೆ. ನಿಮ್ಮಮ್ಮ ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಅಡುಗೆಮನೆಯಿಂದ ಅಕ್ಕ ಬಂದವಳೇ ಅವನ ಕೈಯಲ್ಲಿದ್ದ ತಟ್ಟೆ ಕಿತ್ತುಕೊಂಡಳು.

"ಇದೇನ್ರೀ, ಮನೆಗೆ ಬಂದೋರ್ಗೆ ಮಾಡೋ ಮರ್ಯಾದೆ?" ಎಂದಳು ಆ ತಾಯಿ.

ಅಕ್ಕ ಅವಳ ಕಡೆ ನೋಡಲೂ ಇಲ್ಲ. ನನ್ನನ್ನು ಕೇಳಿದಳು: "ಇವನ್ನ ನೋಡಿದ್ರೆ ನಿಂಗೆ ಹೇಸಿಗೆ ಆಗ್ತಿಲ್ವೇನೇ?"

ಹೊರಗಿನವರೆದುರು ದನಿ ತೆಗೆದವಳಲ್ಲ ನಾನು. ಆದರೆ ಅವನ ಬೆರಳು ಇನ್ನೂ ಬಾಯಲ್ಲೇ ಇತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡೆ.

"ಆಗ್ತೈತೆ ಅಕ್ಕ."

"ಅಂಗಾದ್ರೆ ಅವ್ರಿಗೇ ಹೇಳು."

"ಗಾಡಿ ನನ್ನ ಮಗಳ ಹೆಸರಲ್ಲೈತೆ. ಕೀ ಇಲ್ಲಿಟ್ಟು ಎದ್ದೋಗಿ" ಎಂದೆ.

ತಾಯಿ ಮಗ ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೋದರು. ಬೈಕು ಮಾರಿದೆವು, ಉಳಿದ ಸಾಲವನ್ನು ನಿಮ್ಮಮ್ಮ ತನ್ನ ಸಂಬಳದಲ್ಲೇ ತೀರಿಸಿದಳು. ನಿಮ್ಮಪ್ಪ ಅವಳನ್ನು ಒಪ್ಪಿದ್ದು ಇದೆಲ್ಲ ತಿಳಿದೇ.

ಹೋದ ವರ್ಷ ಅಕ್ಕ ತೀರಿಕೊಂಡಳು. ಕೊನೆಯ ದಿನಗಳಲ್ಲಿ ನಾನು ಒಯ್ದ ಗಂಜಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಬಾಯಿ ಒರೆಸಿಕೊಂಡಳು. ನಾನು ಮನೆಗೆ ಹೋಗಿ ಮತ್ತೆ ಮಾಡಿ ತಂದೆ.

ಮೊನ್ನೆ ಅದೇ ಸಿನಿಮಾ ಟಿವಿಯಲ್ಲಿ ಬಂತು. ಕೋಳಿಗೂಡಿನ ಹುಡುಗಿಯನ್ನು ನೋಡಿ ನೀವು ಬಿದ್ದು ಬಿದ್ದು ನಕ್ಕಿರಿ. ನಿಮ್ಮಮ್ಮ ಎದ್ದು ಒಳಗೆ ಹೋದಳು. ನಾನು ಟಿವಿ ಆರಿಸಿದ್ದಕ್ಕೆ, ಅಜ್ಜಿಗೆ ನಗೋದೇ ಗೊತ್ತಿಲ್ಲ ಎಂದಿರಿ. ಇದನ್ನು ಬರೆದಿಡು ಎಂದವಳು ನಿಮ್ಮಮ್ಮನೇ. ನಗುವುದು ನನಗೆ ಮೊದಲಿಂದಲೂ ಗೊತ್ತಿತ್ತು ಮಕ್ಕಳೇ. ಹೇಸುವುದನ್ನು ಅಕ್ಕ ಕಲಿಸಬೇಕಾಯಿತು.