ಹಲಗೆಯಕ್ಕ ಬರೆಯದೆ ಬಿಟ್ಟ ಅಂಕಿ

ನನ್ನ ಹೆಂಡತಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಕರೆಂಟು ಬಿಲ್ಲು ತರುವವನನ್ನು ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ. ಊರಿಗೆಲ್ಲ ಅವಳು ಹಲಗೆಯಕ್ಕ.

ಅಂಗಡಿಗಳ ಬೋರ್ಡು ಬರೆಯುವುದು ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಳಗೆ ಬಂದವರು ಕುರ್ಚಿಯ ಮೇಲೆ ಕೂರುವ ಮುನ್ನ ಒಮ್ಮೆ ಕೈ ಆಡಿಸಿ ನೋಡಬೇಕು, ಇಲ್ಲವಾದರೆ ಪ್ಯಾಂಟಿಗೆ ಯಾವುದೋ ಔಷಧಿ ಅಂಗಡಿಯ ಹಸಿರು ಬಣ್ಣ ಮೆತ್ತಿಕೊಳ್ಳುತ್ತದೆ. ಹಿಂದಿನ ಶೆಡ್ಡು ನನ್ನದು. ನಾನು ವೆಲ್ಡರ್. ಅವಳ ಬೋರ್ಡುಗಳಿಗೆ ಕಬ್ಬಿಣದ ಚೌಕಟ್ಟು ಕಟ್ಟಿಕೊಡುವವನು ನಾನೇ. ನಮ್ಮ ಪರಿಚಯ ಆದದ್ದೂ ಹಾಗೆಯೇ: ಚೌಕಟ್ಟು ಸೊಟ್ಟಗಿದೆ ಎಂದು ಜಗಳ ತೆಗೆದುಕೊಂಡು ಬಂದಳು, ಆ ಜಗಳ ಇನ್ನೂ ಮುಗಿದಿಲ್ಲ. ಚೌಕಟ್ಟು ನೆಟ್ಟಗೇ ಇತ್ತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಆದರೆ ಆ ಅಡ್ಡಹೆಸರು ಅಂಗಡಿ ಬೋರ್ಡಿನಿಂದ ಬಂದದ್ದಲ್ಲ, ಅವಳ ತಮ್ಮನಿಂದ ಬಂದದ್ದು. ಅವನನ್ನು ಎಲ್ಲರೂ ಮಿಡತೆ ಎನ್ನುತ್ತಾರೆ. ಕೈಕಾಲು ಉದ್ದ, ಮೈಯಲ್ಲಿ ಮಾಂಸವಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಸೂಪರ್‌ಕ್ರಾಸ್ ಓಡಿಸುತ್ತಾನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸ್ಟೇಡಿಯಮ್ಮಿನೊಳಗೆ ಲಾರಿಗಟ್ಟಲೆ ಮಣ್ಣು ಸುರಿದು ದಿಬ್ಬ ಮಾಡುತ್ತಾರೆ, ಬುದ್ಧಿ ನೆಟ್ಟಗಿರುವವರು ಅದನ್ನು ಸುತ್ತಿಕೊಂಡು ಹೋಗುತ್ತಾರೆ, ಇವರು ಬೈಕು ಹತ್ತಿ ಅದರ ಮೇಲಿಂದ ಹಾರುತ್ತಾರೆ. ಹೆಲ್ಮೆಟ್ಟು, ಧೂಳು, ಗದ್ದಲದ ನಡುವೆ ತಾನು ಎಷ್ಟನೆಯವನು ಎಂದು ಓಡಿಸುವವನಿಗೆ ತಿಳಿಯುವುದಿಲ್ಲ. ಅದಕ್ಕೇ ಪ್ರತಿಯೊಬ್ಬನ ಕಡೆಯವರೊಬ್ಬರು ಟ್ರ್ಯಾಕಿನ ಅಂಚಿನಲ್ಲಿ ಆ ಅಂಕಿ ಬರೆದ ಹಲಗೆ ಹಿಡಿದು ನಿಲ್ಲುತ್ತಾರೆ. ಪ್ರತಿ ಸುತ್ತಿನಲ್ಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಅದು ಕಾಣುತ್ತದೆ, ಅಷ್ಟೇ.

ಮೊದಲು ಆ ಕೆಲಸ ನಮ್ಮ ಮೆಕ್ಯಾನಿಕ್ಕನದಾಗಿತ್ತು. ಅವನ ಬರಹ ನೋಡಿ ನನ್ನ ಹೆಂಡತಿಯ ಕಣ್ಣು ಕೆಂಪಾಯಿತು.

"ಇದೇನು ಅಂಕಿನೋ ಎರೆಹುಳನೋ? ಕೊಡಪ್ಪ ಇಲ್ಲಿ," ಎಂದು ಸೀಮೆಸುಣ್ಣ ಕಿತ್ತುಕೊಂಡಳು. ಅಂದಿನಿಂದ ಹಲಗೆ ಅವಳದೇ. ಪ್ಲೈವುಡ್ಡಿಗೆ ಕಪ್ಪು ಬಣ್ಣ ಬಳಿದು, ಹಿಡಿಕೆಗೆ ಬಟ್ಟೆ ಸುತ್ತಿ, ಎಳೆಕೂಸಿನ ಹಾಗೆ ಜೋಪಾನ ಮಾಡಿದಳು. ಅತ್ತೆ ತೀರಿಕೊಂಡಾಗ ಮಿಡತೆಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನಿಗೆ ಊಟ ಮಾಡಿಸಿ, ತಲೆ ಬಾಚಿ, ಬೈದು ಬೆಳೆಸಿದವಳು ಅವಳೇ. ಹಲಗೆ ಹಿಡಿಯುವುದು ಅದರ ಮುಂದುವರಿಕೆ ಎಂದು ನಾನು ತಿಳಿದಿದ್ದೇನೆ.

ಅವಳಿಗೆ ಪುಕ್ಕಲು ಜಾಸ್ತಿ. ರೇಸಿನ ದಿನ ಹೊಟ್ಟೆಗೇನೂ ಹೋಗುವುದಿಲ್ಲ. "ರೀ, ವ್ಯಾನಿನ ಹಿಂದಿನ ಬಾಗಿಲು ಹಾಕಿದ್ರಾ?" ಎಂದು ಕೇಳಿದ್ದನ್ನೇ ಕೇಳುತ್ತಾಳೆ. ಹಾಕಿದ್ದೇನೆ ಎಂದರೆ ಇಳಿದು ಹೋಗಿ ಜಗ್ಗಿ ನೋಡುತ್ತಾಳೆ. ಆದರೂ ಹಲಗೆಯ ಮುಂದೆ ಅವಳ ಕೈ ಮಾತ್ರ ನಡುಗುತ್ತಿರಲಿಲ್ಲ. ನಡುಗಲು ಕಾರಣವೂ ಇರಲಿಲ್ಲ ಅನ್ನಿ. ಚಿಕ್ಕ ಬೈಕುಗಳ ವಿಭಾಗದಲ್ಲಿ ಅವನು ಮುಂದೆ ಹೊರಟನೆಂದರೆ ಮುಂದೆಯೇ. ಅವಳು ದಪ್ಪಗೆ, ನೆಟ್ಟಗೆ ಒಂದು ಎಂದು ಬರೆದು, ಉಳಿದ ಸುತ್ತಿಗೆಲ್ಲ ಅದನ್ನೇ ತೋರಿಸುತ್ತಿದ್ದಳು.

ಹೋದ ವರ್ಷ ಅವನು ಚಿಕ್ಕ ವಿಭಾಗದ ಚಾಂಪಿಯನ್ ಆದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು, ನಾನೂ ಕುಣಿದೆ. ನನ್ನ ಹೆಂಡತಿ ವ್ಯಾನಿನ ಮೆಟ್ಟಿಲ ಮೇಲೆ ಕೂತು ಸೀಮೆಸುಣ್ಣವನ್ನು ಪುಡಿಪುಡಿ ಮಾಡುತ್ತಿದ್ದಳು. ಯಾಕೆಂದರೆ ಅಲ್ಲೊಂದು ನಿಯಮವಿದೆ: ಚಿಕ್ಕ ವಿಭಾಗ ಗೆದ್ದವನು ಮತ್ತೆ ಅಲ್ಲಿ ಓಡಿಸುವಂತಿಲ್ಲ. ದೊಡ್ಡ ಬೈಕು, ದೊಡ್ಡವರ ಜೊತೆ, ಇಷ್ಟವಿದ್ದರೂ ಇಲ್ಲದಿದ್ದರೂ.

"ಎರಡನೆಯವನಾಗಿದ್ರೆ ಇನ್ನೊಂದು ವರ್ಷ ಇಲ್ಲೇ ಇರಬಹುದಿತ್ತು ಕಣ್ರೀ," ಎಂದಳು.

"ಏನೇ ನಿನ್ನ ಬಾಯಲ್ಲಿ ಬರೋ ಮಾತು! ಗೆದ್ದ ದಿನ ಹೀಗೆ ಮುಖ ಸಣ್ಣ ಮಾಡ್ಕೊಂಡು ಕೂರ್ತಾರಾ ಯಾರಾದ್ರೂ?" ಎಂದು ನಾನು ರೇಗಿದೆ. ರೇಗಿದ್ದೇನೋ ಹೌದು, ಆದರೆ ಆ ಮಾತು ನನ್ನ ತಲೆಯಲ್ಲೂ ಹುಳ ಬಿಟ್ಟಿತು.

ರೇಸು ನಡೆಸುವ ಕ್ಲಬ್ಬಿನ ಹಜಾರದಲ್ಲಿ ಗೆದ್ದವರ ಹೆಸರಿನ ದೊಡ್ಡ ಬೋರ್ಡೊಂದಿದೆ. ಎಡಗಡೆ ಚಿಕ್ಕ ವಿಭಾಗದವರು, ಬಲಗಡೆ ದೊಡ್ಡ ವಿಭಾಗದವರು. ವರ್ಷಕ್ಕೊಂದು ಸಲ ಹೊಸ ಹೆಸರು ಸೇರಿಸುವವಳು ನನ್ನ ಹೆಂಡತಿ. ಈ ಸಲ ಎಡಗಡೆ ತಮ್ಮನ ಹೆಸರು ಬರೆಯಲು ಏಣಿ ಹತ್ತಿದಳು, ನಾನು ಏಣಿ ಹಿಡಿದು ನಿಂತೆ. ಕ್ಲಬ್ಬಿನ ಕಾರ್ಯದರ್ಶಿ ಟೀ ಕಪ್ಪು ಹಿಡಿದುಕೊಂಡು ಬಂದರು. ಮನುಷ್ಯ ಒಳ್ಳೆಯವರು, ಆದರೆ ಬಾಯಿಗೆ ಬೀಗವಿಲ್ಲ.

"ನೋಡಮ್ಮಾ, ಬಲಗಡೆ ಇರೋರನ್ನ ನೋಡು. ಮುಕ್ಕಾಲು ಪಾಲು ಜನ ಮೊದಲು ಎಡಗಡೆ ಗೆದ್ದೋರೇ. ನಿನ್ನ ತಮ್ಮನೂ ಬರ್ತಾನೆ ಬಿಡು. ಬಲಗಡೆ ಜಾಗ ಈಗ್ಲೇ ಅಳತೆ ಮಾಡಿಟ್ಟುಕೋ," ಎಂದು ನಕ್ಕರು.

ಅವಳು ಏಣಿಯ ಮೇಲಿಂದಲೇ ಕೇಳಿದಳು: "ಸಾರ್, ಎಡಗಡೆಯಿಂದ ಓದಿ. ಇಷ್ಟು ಜನ ಇದ್ದಾರಲ್ಲ, ಇವರಲ್ಲಿ ಆ ಕಡೆ ಹೋದೋರು ಎಷ್ಟು ಜನ?"

ಕಾರ್ಯದರ್ಶಿ ಬೋರ್ಡನ್ನು ನೋಡಿದರು, ಟೀ ಕುಡಿದರು, "ಅದೂ ಸರಿ ಅನ್ನು," ಎಂದು ತಲೆ ಕೆರೆದುಕೊಂಡು ಹೋದರು. ಬಲಗಡೆ ಒಬ್ಬೊಬ್ಬನೇ ಮೂರು ಸಲ, ನಾಲ್ಕು ಸಲ ಗೆದ್ದಿದ್ದಾನೆ. ಎಡಗಡೆ ಪ್ರತಿ ವರ್ಷವೂ ಹೊಸ ಹುಡುಗ. ಹೀಗಿರುವಾಗ ಉಳಿದವರೆಲ್ಲ ಎಲ್ಲಿ ಹೋಗಬೇಕು? ಅವರಲ್ಲೊಬ್ಬ ನಮ್ಮ ಬೀದಿಯ ತುದಿಯಲ್ಲೇ ಟೈರು ಅಂಗಡಿ ಇಟ್ಟಿದ್ದಾನೆ. ಅವನ ಅಂಗಡಿಯ ಬೋರ್ಡು ಬರೆದವಳೂ ಇವಳೇ. ಬೋರ್ಡನ್ನು ಎಷ್ಟು ಎತ್ತರಕ್ಕೆ ಹಾಕಬೇಕು ಎಂದು ತೋರಿಸಲು ಅವನು ಕೈ ಎತ್ತಿದ, ಅದು ಹೆಗಲಿನ ತನಕ ಬಂದು ನಿಂತಿತು. ಅದಕ್ಕಿಂತ ಮೇಲೆ ಏಳುವುದಿಲ್ಲ. ದೊಡ್ಡ ಬೈಕಿನಲ್ಲಿ ಅವನ ಮೊದಲ ರೇಸಿನಲ್ಲೇ ಆದದ್ದು. ಹಿಂದೆ ಬಿದ್ದಿದ್ದನಂತೆ, ಮುಂದಿನವರನ್ನು ಹಿಡಿಯಬೇಕೆಂದು ಅಭ್ಯಾಸವಿಲ್ಲದ ದಿಬ್ಬ ಹಾರಿದನಂತೆ.

ಏಣಿ ಹತ್ತಿದ ಅವತ್ತಿನಿಂದ ಅವಳು ನಿದ್ದೆಯಲ್ಲೂ ಹಲಗೆ ತೋರಿಸುವ ಹಾಗೆ ಕೈ ಮೇಲೆತ್ತಿ ಕೆಳಗಿಳಿಸುತ್ತಿದ್ದಳು. ಎಬ್ಬಿಸಿದರೆ ಏನೂ ಇಲ್ಲ ಎನ್ನುತ್ತಿದ್ದಳು.

ಮೊದಲ ದೊಡ್ಡ ರೇಸು ಬಂದೇ ಬಂತು. ಬೆಳಿಗ್ಗೆ ಅಭ್ಯಾಸದ ಹೊತ್ತಿನಲ್ಲಿ ನಾನು ಬೇಲಿಗೆ ಒರಗಿ ನೋಡುತ್ತಿದ್ದೆ. ಟ್ರ್ಯಾಕಿನ ನಡುವೆ ಒಂದರ ಹಿಂದೊಂದು ಮೂರು ದಿಬ್ಬ. ದೊಡ್ಡವರೆಲ್ಲ ಮೊದಲನೆಯದರಿಂದ ಎದ್ದು ಮೂರನೆಯದರ ಆಚೆ ಇಳಿಯುತ್ತಿದ್ದರು. ಮಿಡತೆ ಬರುತ್ತಿದ್ದ, ಕೊನೆ ಗಳಿಗೆಯಲ್ಲಿ ಆಕ್ಸಿಲರೇಟರ್ ಸಡಿಲಿಸುತ್ತಿದ್ದ, ಒಂದೊಂದಾಗಿ ಹತ್ತಿ ಇಳಿದು ಹೋಗುತ್ತಿದ್ದ. ಒಂದು ಸಲವೂ ಹಾರಲಿಲ್ಲ.

ವ್ಯಾನಿನ ಹತ್ತಿರ ನೀರು ಕುಡಿಯುತ್ತಾ, "ರೇಸಲ್ಲಿ ಹಾರ್ತೀನಿ ಬಿಡಿ ಭಾವ," ಎಂದ.

"ಯಾವ ಕರ್ಮಕ್ಕೆ ಹಾರ್ತೀಯ?" ಎಂದು ಅಕ್ಕ ಎಗರಿಬಿದ್ದಳು. "ಬೆಳಗಿನಿಂದ ಆಗದೇ ಇದ್ದದ್ದು ಮಧ್ಯಾಹ್ನ ಆಗ್ಬಿಡುತ್ತಾ?"

"ಮುಂದೆ ಇದ್ರೆ ಹಾರಲ್ಲ ಅಕ್ಕ. ಹಿಂದೆ ಬಿದ್ರೆ ಹಾರಲೇಬೇಕು. ಚಾಂಪಿಯನ್ ಅನ್ನಿಸ್ಕೊಂಡು ಕೊನೇಲಿ ತೆವಳ್ಕೊಂಡು ಹೋಗಕ್ಕಾಗುತ್ತಾ? ಜನ ಉಗೀತಾರೆ."

ಅವಳು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಒಣಗಿದ ಮೇಲೆ ಮತ್ತೆ ಒರೆಸಿದಳು. ವ್ಯಾನಿನ ಬಾಗಿಲಿನ ವಿಷಯ ಕೇಳಲೇ ಇಲ್ಲ. ಅದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು.

ಮಧ್ಯಾಹ್ನ ಇಪ್ಪತ್ತೆರಡು ಬೈಕುಗಳು ಒಟ್ಟಿಗೆ ಹೊರಟವು. ಮೊದಲ ತಿರುವಿನಲ್ಲೇ ನಾಲ್ಕೈದು ಜನ ಒಬ್ಬರ ಮೇಲೊಬ್ಬರು ಬಿದ್ದರು, ಧೂಳೆದ್ದಿತು. ಧೂಳು ಇಳಿದಾಗ ಎಲ್ಲರೂ ಎದ್ದು ಹೋಗಿದ್ದರು, ಒಬ್ಬನನ್ನು ಬಿಟ್ಟು. ಉದ್ದ ಕಾಲಿನವನೊಬ್ಬ ಬೈಕು ಎತ್ತಿ ನಿಲ್ಲಿಸಿ ಒದೆಯುತ್ತಿದ್ದ. ನಮ್ಮವನೇ. ಬೈಕು ಶುರುವಾಯಿತು, ಹೊರಟ. ಎಲ್ಲರಿಗಿಂತ ಹಿಂದೆ.

"ಬರಿಯೇ," ಎಂದೆ ನಾನು.

ಅವಳು ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. "ಏನಂತ ಬರೀಲಿ? ಇಪ್ಪತ್ತೆರಡು ಅಂತ ಬರೆದ್ರೆ ಹಾರ್ತಾನೆ. ಅವನೇ ಹೇಳಿದ್ನಲ್ಲ, ಹಿಂದೆ ಬಿದ್ರೆ ಹಾರ್ತೀನಿ ಅಂತ."

"ಹಾಗಾದ್ರೆ ಹತ್ತೋ ಹನ್ನೆರಡೋ ಬರಿ. ಅವನಿಗೇನು ಗೊತ್ತಾಗುತ್ತೆ?"

"ನನ್ನ ಹಲಗೇಲಿ ಯಾವತ್ತಾದ್ರೂ ಸುಳ್ಳು ಬಂದಿದ್ಯಾ?" ಎಂದು ನನ್ನನ್ನು ಸುಡುವ ಹಾಗೆ ನೋಡಿದಳು. ಅಷ್ಟರಲ್ಲಿ ಮಿಡತೆ ಬಂದೇಬಿಟ್ಟ. ಅವಳು ಅಭ್ಯಾಸಬಲದಿಂದ ಹಲಗೆ ಎತ್ತಿದಳು. ಅದರ ಮೇಲೆ ಏನೂ ಇರಲಿಲ್ಲ. ಬರಿಯ ಕಪ್ಪು.

ಅವನು ತಲೆ ತಿರುಗಿಸಿ ನೋಡಿಕೊಂಡು ಹೋದ. ಮೂರು ದಿಬ್ಬದ ಹತ್ತಿರ ಹೋದಾಗ ಬೈಕಿನ ಸದ್ದು ಏರಿತು, ಏರಿತು, ಆಮೇಲೆ ಇಳಿಯಿತು. ಹತ್ತಿ ಇಳಿದ.

ಎರಡನೆಯ ಸುತ್ತಿನಲ್ಲಿ ಆ ಪುಣ್ಯಾತ್ಮ ಮಾಡಿದ ಕೆಲಸ ಕೇಳಿ. ರೇಸಿನ ನಡುವೆ, ನಮ್ಮ ಮುಂದೆ ಬಂದಾಗ ಬೈಕನ್ನು ನಿಧಾನ ಮಾಡಿದ. ಹಲಗೆಯನ್ನಲ್ಲ, ಅಕ್ಕನ ಮುಖ ನೋಡಿದ. ಕತ್ತು ಮುಂದೆ ಚಾಚಿ, ಕಣ್ಣು ಅಗಲ ಮಾಡಿ, ಅಕ್ಕನಿಗೆ ಏನಾಯಿತು ಎಂದು ಹುಡುಕುವವನ ಹಾಗೆ ನೋಡಿದ.

"ನನ್ನ ಮುಖ ಏನೋ ನೋಡ್ತೀಯಾ ಕೋತಿ! ದಾರಿ ನೋಡೋ!" ಎಂದು ಇಡೀ ಸ್ಟೇಡಿಯಮ್ಮಿಗೆ ಕೇಳುವ ಹಾಗೆ ಅರಚಿದಳು. ಅವನು ಹೊರಟ. ಬೇಲಿಯ ಆಚೆಯಿಂದ ಯಾರೋ, "ಚಾಂಪಿಯನ್ನಂತೆ! ಅಕ್ಕನ ಸೆರಗು ಹಿಡ್ಕೊಂಡು ಮನೆಗೆ ಹೋಗೋ!" ಎಂದು ಕೂಗಿದ. ಅವನ ಹಲ್ಲು ಉದುರಿಸಬೇಕೆಂದು ನಾನು ತಿರುಗಿದೆ. ಹೆಂಡತಿ ನನ್ನ ಅಂಗಿ ಹಿಡಿದು ಜಗ್ಗಿದಳು.

"ಸುಮ್ನಿರಿ. ಹಲಗೆ ಹಿಡ್ಕೊಳಿ."

ನಾನು ಹಲಗೆ ಹಿಡಿದೆ, ಅವಳು ಬರೆದಳು. ಎರಡು. ಪಕ್ಕದಲ್ಲಿ ಇನ್ನೊಂದು ಎರಡು. ಸೀಮೆಸುಣ್ಣ ಮುರಿಯಿತು, ಗೆರೆ ನಡುಗಿತು, ಆ ಮೆಕ್ಯಾನಿಕ್ಕನ ಎರೆಹುಳವೇ ವಾಸಿ ಅನ್ನುವ ಹಾಗಿತ್ತು. ಆದರೆ ನಿಜವನ್ನೇ ಬರೆದಳು. ಅವನು ಬಂದ. ಎತ್ತಿ ತೋರಿಸಿದಳು. ಅವನ ಹೆಲ್ಮೆಟ್ಟು ಒಂದು ಸಲ ಮೇಲೆ ಕೆಳಗೆ ಆಡಿತು, ಓದಿದೆ ಅನ್ನುವಂತೆ.

ತಕ್ಷಣ ಅವಳು ಹಲಗೆಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿಬಿಟ್ಟಳು. "ರೀ, ನೀವು ನೋಡಿ. ನನ್ನ ಕೈಲಾಗಲ್ಲ. ಹಾರಿದ್ನಾ?"

"ಇನ್ನೂ ದಿಬ್ಬದ ಹತ್ರ ಹೋಗ್ತಿದ್ದಾನೆ."

"ಈಗ?"

ಸದ್ದು ಏರಿತು. ಆಮೇಲೆ ಇಳಿಯಿತು. "ಇಲ್ಲ ಕಣೇ. ಹತ್ತಿ ಇಳಿದ."

"ನನ್ನ ಸಮಾಧಾನಕ್ಕೆ ಹೇಳ್ಬೇಡಿ. ನಿಜ ಹೇಳಿ."

"ನಿಜವಾಗ್ಲೂ ಇಳಿದ. ಕಣ್ಣು ಬಿಟ್ಟು ನೋಡು, ಅಲ್ಲಿ ಹೋಗ್ತಿದ್ದಾನೆ, ನಿನ್ನ ಮಿಡತೆ."

ಪ್ರತಿ ಸುತ್ತಿನಲ್ಲೂ ಇದೇ ಪಾಡು. ಅವಳು ಬರೆಯುವಳು, ತೋರಿಸುವಳು, ಕಣ್ಣು ಮುಚ್ಚುವಳು, ನಾನು ವರದಿ ಒಪ್ಪಿಸುವೆನು. ಯಾರೋ ಇಬ್ಬರು ಬಿದ್ದರು, ಒಬ್ಬನನ್ನು ಅವನೇ ತಿರುವಿನ ಒಳಗಡೆಯಿಂದ ನುಗ್ಗಿ ಹಿಂದಿಕ್ಕಿದ. ಕೊನೆಯ ಸುತ್ತಿನಲ್ಲಿ ಅವಳು ಹತ್ತೊಂಬತ್ತು ಎಂದು ಬರೆದಳು. ಇಷ್ಟು ವರ್ಷ ಒಂದು ಬರೆದಾಗ ಬಾರದ ಕಣ್ಣೀರು ಆ ಹತ್ತೊಂಬತ್ತಕ್ಕೆ ಬಂತು. ನನಗೂ ಬಂತು, ಧೂಳು ಅಂದೆ.

ಮನೆಗೆ ಹೊರಟಾಗ ಇನ್ನೂ ಬಿಸಿಲಿತ್ತು. ನಾನು ವ್ಯಾನು ಓಡಿಸುತ್ತಿದ್ದೆ, ಅವರಿಬ್ಬರೂ ಪಕ್ಕದಲ್ಲಿದ್ದರು. ಬಹಳ ದೂರ ಬಂದಿದ್ದೆವು. ಆಮೇಲೆ ಮಿಡತೆ, "ಅಕ್ಕ, ಇವತ್ತೇ ಮೊದಲ ಸಲ ನಿನ್ನ ಹಲಗೆ ಓದಿದ್ದು," ಎಂದ.

"ಏನಂದೆ?"

"ಚಿಕ್ಕ ಬೈಕಲ್ಲಿ ಯಾವತ್ತೂ ಓದಿಲ್ಲ. ಮುಂದೆ ಯಾರೂ ಇರ್ತಿರಲಿಲ್ಲ, ಓದಿ ಏನು ಮಾಡ್ಲಿ? ನೀನು ನಿಂತಿದ್ದೀಯಾ ಅಂತ ಮಾತ್ರ ನೋಡ್ಕೊಂಡು ಹೋಗ್ತಿದ್ದೆ."

"ಅಯ್ಯೋ ಪಾಪಿ! ಅಂಕಿ ಅಂದವಾಗಿ ಬರ್ಲಿ ಅಂತ ನಾನು ಮನೇಲಿ ಕೂತು ಅಭ್ಯಾಸ ಮಾಡ್ತಿದ್ದೆ ಕಣೋ," ಎಂದು ಸೀಮೆಸುಣ್ಣದ ಬಟ್ಟೆಯಿಂದ ಅವನ ತಲೆಗೆ ಬಾರಿಸಿದಳು. ಬಿಳಿ ಪುಡಿ ನನ್ನ ಮೂಗಿಗೂ ಬಂತು. ನಾನು ಸೀನಿದೆ, ಮೂವರೂ ನಕ್ಕೆವು. ನಗು ನಿಂತ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಮತ್ತೆ ಯಾಕೆ ಹಾರಲಿಲ್ಲ?"

ಅವನು ಕಿಟಕಿಯ ಕಡೆ ತಿರುಗಿದ. "ಹೆದರಿಕೆ ಆಯ್ತು ಅಕ್ಕ. ಬೆಳಗಿನಿಂದ್ಲೂ ಆಗ್ತಿತ್ತು. ಹೇಳೋಕೆ ನಾಚಿಕೆ. ಆ ಅಂಕಿ ಎಷ್ಟು ಸೊಟ್ಟಗೆ ಬರೆದಿದ್ದೆ ಅಂದ್ರೆ, ನಿಂಗೂ ನನ್ನಷ್ಟೇ ಹೆದರಿಕೆ ಆಗಿದೆ ಅಂತ ಗೊತ್ತಾಯ್ತು."

ಅವಳು ಅವನ ಮೊಣಕಾಲಿನ ಮೇಲೆ ಕೈ ಇಟ್ಟಳು. "ಮುಂದಿನ ವಾರ ಹಾರ್ತೀಯೇನೋ?"

"ಒಂದು ದಿನ ಹಾರಲೇಬೇಕಲ್ಲ. ಮುಂದಿನ ವಾರಾನೋ, ಯಾವತ್ತೋ, ಗೊತ್ತಿಲ್ಲ." ಆಮೇಲೆ, ಚಿಕ್ಕಂದಿನಲ್ಲಿ ಕತ್ತಲೆ ಕೋಣೆಯಿಂದ ಅವಳನ್ನು ಕೂಗುತ್ತಿದ್ದ ಅದೇ ದನಿಯಲ್ಲಿ ಹೇಳಿದ: "ಎಷ್ಟನೆಯವನಾಗಿದ್ರೂ ಬರಿ ಅಕ್ಕ. ಖಾಲಿ ಮಾತ್ರ ಬಿಡಬೇಡ."